ಬ್ಯಾಟರಿಯ ಖರ್ಚು

ಫಕ್ಕೀರಪ್ಪನ ಕಾರು, ಎಲ್ಲರ ಕಾರಿನಂತೆ, ಒಳಗೆ ಕೂತವರ ಮಾತುಕತೆಯಿಂದಲೇ ಓಡುತ್ತಿತ್ತು. ತವರಿನ ಮದುವೆಗೆ ಗಂಡ ಬರಲಿಲ್ಲವೆಂದು ನೀಲವ್ವ ಮಾತು ಬಿಟ್ಟ ಮೇಲೆ ಅವನು ದುಬಾರಿ ಬ್ಯಾಟರಿ ಕೊಳ್ಳಬೇಕಾಯಿತು.

ಮಗಳಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಇಬ್ಬರೂ ಗದಗಕ್ಕೆ ಹೊರಟರು. ಅಣ್ಣಿಗೇರಿಯ ಆಚೆ ಬ್ಯಾಟರಿ ಮುಗಿದು ಕಾರು ನಿಂತಿತು. ಸುತ್ತ ಬರೀ ಹತ್ತಿ ಹೊಲ.

“ಏನರ ಮಾತಾಡ, ನೀಲಾ. ಮಗಳು ಹಾದಿ ನೋಡಾಕತ್ತಾಳ.”

“ಮದವಿಗೆ ಯಾಕ ಬರ್ಲಿಲ್ಲ?”

“ಸಿಟ್ಟಿನ್ಯಾಗಿದ್ದೆ. ತಪ್ಪಾತು.”

ಕಾರು ಮೆಲ್ಲಗೆ ಹೊರಟಿತು. ನೀಲವ್ವ ಅಳುತ್ತಲೇ ಬೈಯತೊಡಗಿದಳು. ಅವನು ಪ್ರತಿ ಮಾತಿಗೂ ಉತ್ತರ ಕೊಟ್ಟ. ಆಸ್ಪತ್ರೆ ತಲುಪಿದಾಗ ಕೂಸು ಆಗಷ್ಟೇ ಹುಟ್ಟಿತ್ತು.

ಮರಳುವಾಗ ಫಕ್ಕೀರಪ್ಪ ಬ್ಯಾಟರಿ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೋದ.

“ರೊಕ್ಕ ಯಾಕ ಹಾಳ ಮಾಡ್ತೀರಿ?” ಎಂದಳು ನೀಲವ್ವ. “ನಾ ಬೈಯೋದು ಇನ್ನೂ ಅರ್ಧಾನೂ ಆಗಿಲ್ಲ.”