ಹಿಂದಿನ ಹೆಜ್ಜೆ ಸಪ್ಪಳ

ಗೆಳತಿಯ ಕೈ ಹಿಡಿದು ಅಂಗಡಿಗೆ ಬಂದು ಕೂತ ಹೆಂಗಸಿಗೆ ಐವತ್ತು ದಾಟಿರಬೇಕು. ಹೆಡ್‌ಸೆಟ್ ಮಾರುವ ಮುತ್ತಣ್ಣನಿಗೆ ಒಳಗೊಳಗೇ ನಗು.

“ಮಗಗ ಏನ್ರಿ ಅಕ್ಕಾರ? ಇದನ್ನ ಒಯ್ರಿ. ಏಳು ಬಣ್ಣದ ಲೈಟ್ ಬರ್ತಾವ.”

“ನನಗ ಬೇಕಾಗೈತಿ. ಲೈಟ್ ತಗೊಂಡು ಏನ್ ಮಾಡ್ಲಿ? ಹಿಂದ ಬರೋ ವೈರಿ ಹೆಜ್ಜಿ ಸಪ್ಪಳ ಹಿಂದನ ಕೇಳಬೇಕು. ಅಂಥಾದ್ದು ಕೊಡು.”

“ಇದು ಹುಡುಗರು ಆಡೋ ಗುಂಡಿನ ಆಟ ರೀ. ನೀವು ಒಂದು ನಿಮಿಷ ಉಳಿಯಂಗಿಲ್ಲ.”

“ಹಚ್ಚು, ನೋಡೋಣ.”

ಅಂಗಡಿಯ ಕಂಪ್ಯೂಟರಿನಲ್ಲಿ ಅವನು ಆಟ ಹಚ್ಚಿಕೊಟ್ಟ. ಹೆಡ್‌ಸೆಟ್ ಕಿವಿಗೇರಿಸಿ, ಆಟದೊಳಗೆ ಒಮ್ಮೆ ಅತ್ತಿತ್ತ ತಿರುಗಿದವಳೇ ಅವಳು ಮುಖ ಸಿಂಡರಿಸಿದಳು.

“ಎಡಕ್ಕ ಬರೋ ಸಪ್ಪಳ ಬಲಕ್ಕ ಕೇಳಾಕತ್ತೈತಿ. ಇಷ್ಟು ದಿನ ಎಲ್ಲಾರಿಗೂ ಹಿಂಗ ಕೇಳಿಸಿ ಮಾರೀಯೇನು?”

ಸೆಟ್ಟಿಂಗ್ ತೆರೆದು ನೋಡಿದರೆ, ಹೌದು! ಎಡ ಬಲ ಅದಲುಬದಲಾಗಿದ್ದವು. ತಿಂಗಳಿಂದ ಒಬ್ಬ ಗಿರಾಕಿಯೂ ಅದನ್ನು ಹೇಳಿರಲಿಲ್ಲ. ಮುತ್ತಣ್ಣ ತೆಪ್ಪಗೆ ಸರಿಮಾಡಿದ.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಒಬ್ಬರ ಹಿಂದೊಬ್ಬರಂತೆ ವೈರಿಗಳು ಬಿದ್ದರು. ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಇನ್ನೊಬ್ಬನೇ ಉಳಿದಿದ್ದ. ನೋಡುವ ಆತುರಕ್ಕೆ ಮುತ್ತಣ್ಣ ಮುಂದೆ ನುಗ್ಗಿದ. ಅವನ ಕಾಲಿಗೆ ಪರದೆಯ ವೈರು ಸಿಕ್ಕಿ ಕಿತ್ತು, ಪರದೆ ಕಪ್ಪಾಯಿತು.

“ಅಯ್ಯ, ತಡೀರಿ ಅಕ್ಕಾರ! ಪರದೆ ಆರಿಹೋತು!” ಎಂದು ಕೂಗಿದ.

ಅವಳು ಕೈ ತೆಗೆಯಲಿಲ್ಲ. ಬಲಕ್ಕೆ ತಿರುಗಿ ಗುಂಡು ಹಾರಿಸಿದಳು. ಹೆಡ್‌ಸೆಟ್ಟಿನೊಳಗಿಂದ ಗೆಲುವಿನ ತುತ್ತೂರಿ ಸಣ್ಣಗೆ ಹೊರಗೂ ಕೇಳಿಸಿತು.

“ಆರಿದ್ರ ಆರ್ಲಿ ಬಿಡೋ ತಮ್ಮಾ. ನನ್ನ ಕಣ್ಣಿಗೆ ಅದು ಯಾವಾಗ ಹತ್ತಿತ್ತು?”