ಅಡ್ಡ ಬಂದ ದನಿ

"ಇದೊಂದೇ ನೋಡು ಅಡ್ಡ ಬರ್ತಿರೋದು," ಎಂದು ಟ್ರೆವರ್ ಲೀಡ್ಸಿನ ಪಬ್ಬಿನ ಹಿಂಕೋಣೆಯಲ್ಲಿ ಲ್ಯಾಪ್‌ಟಾಪಿನಿಂದ ಬರುತ್ತಿದ್ದ ಧ್ವನಿ ನಿಲ್ಲಿಸಿದ. ಕಾಲಯಾನದ ಆ ಹಳೆಯ ಧಾರಾವಾಹಿಯ ಕಡೆಯ ಕಂತನ್ನು ಚಾನೆಲ್ಲಿನವರೇ ಅಳಿಸಿಹಾಕಿದ್ದರು. ಉಳಿದಿದ್ದು ಡೆನ್ಜಿಲ್ ಹುಡುಗನಾಗಿದ್ದಾಗ ಟೀವಿಗೆ ಮೈಕು ಹಿಡಿದು ಕ್ಯಾಸೆಟ್ಟಿಗಿಳಿಸಿದ್ದ ಧ್ವನಿಯೊಂದೇ.

"ರಟ್ಟಿನ ಕಾಲಯಂತ್ರ ಗಡಗಡ ಅನ್ನೋದು ಎಷ್ಟು ಚೆನ್ನಾಗಿ ಬಂದಿದೆ! ಅಷ್ಟರಲ್ಲಿ ನಿಮ್ಮಮ್ಮ ಬಾಯಿ ಹಾಕಿದಾರೆ. ತೆಗೆದುಬಿಡ್ಲಾ?"

ಸುತ್ತ ಕೂತ ಅಭಿಮಾನಿಗಳೆಲ್ಲ ನಕ್ಕರು. ಅರವತ್ತು ದಾಟಿದ ಡೆನ್ಜಿಲ್ ಬಿಯರ್ ಲೋಟ ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಹಾಕು," ಎಂದ.

"ಡೆನ್ಜಿಲ್, ಮೀನು ಆರಿಹೋಗ್ತಿದೆ, ಬಾರೋ ಕಂದ." ಹಿಂದೆಯೇ ಹುಡುಗನ ಗದರಿಕೆ: "ಶ್!"

ಅಮ್ಮ ಆ ವರ್ಷದ ಚಳಿಗಾಲ ದಾಟಿರಲಿಲ್ಲ.

"ಟ್ರೆವರ್," ಡೆನ್ಜಿಲ್ ಮೆಲ್ಲಗೆ ಕೇಳಿದ, "ಕಾಲಯಂತ್ರದ ಸದ್ದು ತೆಗೆದು, ಅಮ್ಮಂದಷ್ಟೇ ಉಳಿಸೋಕಾಗತ್ತೇನೋ?"