ನೀಲಿ ಬೆರಳು

"ಏನೋ ಅದು, ಮೂಗಿನ ಮೇಲೆ ನೀಲಿ?" ಎಂದಳು ಅಮ್ಮ. ಟೈಲರ್ ನಕ್ಕುಬಿಟ್ಟ. ಸೋಂಕಿನ ವಿಷಯವನ್ನೆಲ್ಲ ಅರೆದು ಕುಡಿದವನು ಅವನು. ಮನೆಯ ಮುಂಗೋಣೆಗೆ ಮಾಸ್ಕ್ ಹೊಲಿಸಲು ಬಂದವರಿಗೆಲ್ಲ, "ಕೈ ಮುಖಕ್ಕೆ ಹೋಗ್ಬಾರ್ದು ನೋಡಿ, ಅಷ್ಟೇ ಗುಟ್ಟು" ಎಂದು ಪುಕ್ಕಟೆ ಪಾಠ ಹೇಳಿ ಕಳಿಸುತ್ತಿದ್ದ.

"ನಾನು ಮುಖ ಮುಟ್ಕೊಳ್ಳೋದೇ ಇಲ್ಲಮ್ಮ" ಎನ್ನುತ್ತ ಗಿರಾಕಿಗಳ ಕನ್ನಡಿಯ ಮುಂದೆ ನಿಂತ. ದಿನವೂ ಬಿಳಿ ಚಾಕ್‌ನಿಂದ ಗೆರೆ ಎಳೆಯುವವನು, ಇವತ್ತು ಬಿಳಿ ಬಟ್ಟೆ ಬಂದಿತ್ತೆಂದು ನೀಲಿ ಹಿಡಿದಿದ್ದ. ಅದರ ಪುಡಿ ಮೂಗಿನ ತುದಿಯಲ್ಲಿತ್ತು, ಕಣ್ಣಂಚಿನಲ್ಲಿತ್ತು, ಗದ್ದಕ್ಕೆ ಇಳಿಸಿಕೊಂಡ ಮಾಸ್ಕಿನ ಒಳಗೂ ಇತ್ತು. ಇದೆಲ್ಲ ಯಾವಾಗ ಆಯಿತು? ಅವನಿಗೆ ಮೋಜೆನಿಸಿತು, ಹುಡುಕುತ್ತ ಹೋದ. ಸ್ವಿಚ್ಚು, ಬಾಗಿಲ ಚಿಲಕ, ನೀರಿನ ಲೋಟದ ಅಂಚು, ಎಲ್ಲೆಲ್ಲೂ ತನ್ನದೇ ಬೆರಳಿನ ನೀಲಿ ಗುರುತು.

"ಪತ್ತೇದಾರಿಕೆ ಆಮೇಲೆ ಮಾಡ್ಕೊ, ಉಬ್ಬಸದ ಮಾತ್ರೆ ಕೊಡು" ಎಂದು ಅಮ್ಮ ಕೈ ಚಾಚಿದಳು. ಅವನು ಸ್ವಿಚ್ಚಿನ ಮೇಲಿನ ಗುರುತುಗಳನ್ನೇ ನೋಡುತ್ತ, ದಿನವೂ ಕೊಡುವಂತೆ ಮಾತ್ರೆ ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಅಮ್ಮ ಅದನ್ನು ಬಾಯಿಯ ಹತ್ತಿರ ಒಯ್ದಾಗ ಕಂಡಿತು, ಬಿಳಿ ಮಾತ್ರೆಯ ಮೇಲೆ ನೀಲಿ ಹೆಬ್ಬೆರಳು.

"ತಡಿ" ಎಂದು ಅವಳ ಮಣಿಕಟ್ಟು ಹಿಡಿದುಕೊಂಡ. ಬಿಟ್ಟಾಗ ಅಲ್ಲೂ ನೀಲಿ ಉಳಿದಿತ್ತು.